ಜಿಪ್ಸಿಗೆ ಮನೆಯಲ್ಲೇ ಬಿಡಿಭಾಗ ಮಾಡಿ ಮಾರಿದ ನನ್ನ ಅನುಭವ

ಹಳೇ ಮಾರುತಿ ಜಿಪ್ಸಿ ಜೀಪು ಇಟ್ಟುಕೊಂಡವರಿಗೆ ಈ ಕಾಟ ಗೊತ್ತಿರುತ್ತದೆ. ಇಂಜಿನ್ ಚೆನ್ನಾಗಿರುತ್ತದೆ, ಗೇರ್‌ಬಾಕ್ಸ್ ಒಳಗೆ ಸದ್ದಿಲ್ಲ, ಆದರೆ ಗೇರ್ ಲಿವರ್ ಮಾತ್ರ ಕೈಯಲ್ಲಿ ಅತ್ತಿಂದಿತ್ತ ಓಲಾಡುತ್ತದೆ. ಸಕಲೇಶಪುರದ ತೋಟದವರೊಬ್ಬರು ಫೋನಿನಲ್ಲಿ ಹೇಳಿದ್ದು ಹೀಗೆ: "ಸಾರ್, ಗೇರ್ ಹಾಕಿದ್ರೆ ಪಾಯಸದಲ್ಲಿ ಸೌಟು ಆಡಿಸ್ದಂಗೆ ಆಗುತ್ತೆ. ಸೆಕೆಂಡ್ ಯಾವುದು, ಫೋರ್ತ್ ಯಾವುದು ಗೊತ್ತೇ ಆಗಲ್ಲ." ಅವರ ಊರಿನ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಬೇಕು ಅಂದಿದ್ದನಂತೆ. ಇಳಿಸುವುದೇನೂ ಬೇಕಾಗಿರಲಿಲ್ಲ. ಲಿವರಿನ ಕೆಳಗಿರುವ ಗುಂಡು ಒಂದು ಸಣ್ಣ ಪ್ಲಾಸ್ಟಿಕ್ ಸೀಟಿನಲ್ಲಿ ಕೂತಿರುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಆ ಸೀಟು ಸವೆದುಹೋಗುತ್ತದೆ, ಅಷ್ಟೇ. ಲಿವರಿನ ಬುಡದ ರಬ್ಬರ್ ಹೊದಿಕೆ (ಬೂಟು) ಎತ್ತಿ, ಮೇಲಿನ ಮುಚ್ಚಳ ಒತ್ತಿ ತಿರುಗಿಸಿದರೆ ಲಿವರ್ ಮೇಲಿಂದಲೇ ಕಳಚಿ ಬರುತ್ತದೆ. ಹೊಸ ಸೀಟು ಕೂರಿಸಿದರೆ ಕೆಲಸ ಮುಗಿಯಿತು.

ನಾನು ಮೊದಲು ಮಾಡಿ ಮಾರಿದ್ದು ಆ ಸೀಟನ್ನೇ.

ನಾನು ಓದಿದ್ದು ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ), ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಅಚ್ಚು-ಉಪಕರಣ ಮಾಡುವ ಡಿಪ್ಲೊಮಾ. ಕೆಲಸ ಪೀಣ್ಯದಲ್ಲಿ. ಓಡಿಸುವುದು ಜಿಪ್ಸಿ ಕಿಂಗ್. ಈ ಗಾಡಿಯ ಚರಿತ್ರೆ ಸ್ವಲ್ಪ ಗೊತ್ತಿಲ್ಲದಿದ್ದರೆ ಇದಕ್ಕೆ ಬಿಡಿಭಾಗ ಮಾಡುವುದು ಕಷ್ಟ. 1985ರಲ್ಲಿ 970 ಸಿಸಿ ಇಂಜಿನ್ ಜೊತೆ ಬಂತು. 1993ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿಸಿ ವೈಡ್ ಟ್ರ್ಯಾಕ್ ಮಾಡಿದರು. 1996ರಲ್ಲಿ 1.3 ಲೀಟರ್ ಇಂಜಿನ್ನಿನ ಕಿಂಗ್ ಬಂತು, 2000ದಲ್ಲಿ ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜಿನ್. 2019ರ ಹೊತ್ತಿಗೆ ನಮ್ಮಂಥ ಸಾಮಾನ್ಯರಿಗೆ ಮಾರುವುದು ನಿಂತಿತು. ಅಂದರೆ ಹೊರಗಿಂದ ನೋಡಲು ಎಲ್ಲ ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ ಗಾಡಿಗಳು. ಯಾರಾದರೂ "ಜಿಪ್ಸಿಗೆ ಒಂದು ಪೀಸ್ ಕಳಿಸಿ" ಅಂದರೆ ನಾನು ಕೇಳುವ ಮೊದಲ ಪ್ರಶ್ನೆಯೇ ಯಾವ ವರ್ಷದ್ದು, ಇಂಜಿನ್ ಬದಲಾಯಿಸಿದ್ದೀರಾ ಅಂತ. ತುಂಬಾ ಜನ ಮಾರುತಿ ಎಸ್ಟೀಮ್ ಕಾರಿನ ಇಂಜಿನ್ ಕೂರಿಸಿಕೊಂಡಿರುತ್ತಾರೆ.

ಜೆಸಿ ರಸ್ತೆಯಲ್ಲಿ ಸುತ್ತಿದರೆ ಜಿಪ್ಸಿಗೆ ಬೇಕಾದ್ದು ಇವತ್ತಿಗೂ ಸಾಕಷ್ಟು ಸಿಗುತ್ತದೆ. ಆದರೆ ಸಣ್ಣಪುಟ್ಟ ಬುಷ್, ಸೀಟು, ಕ್ಲಿಪ್ಪುಗಳ ವಿಷಯ ಬಂದಾಗ ಒಂದೋ "ಅದು ಬರಲ್ಲ ಸಾರ್, ನಿಂತೋಯ್ತು" ಅನ್ನುತ್ತಾರೆ, ಇಲ್ಲವೇ ಯಾರೋ ಮಾಡಿದ ಕಾಪಿ ಕೊಡುತ್ತಾರೆ. ಆ ಕಾಪಿಗಳಲ್ಲಿ ನಾನು ಕಂಡ ದೊಡ್ಡ ತೊಂದರೆ ಪ್ಲಾಸ್ಟಿಕ್ಕಿನದಲ್ಲ, ಅಳತೆಯದು. ಸವೆದ ಪೀಸನ್ನೇ ಅಳೆದು ಹೊಸದು ಮಾಡಿದರೆ ಆ ಸವೆತವೂ ಹೊಸ ಪೀಸಿಗೆ ಬಂದುಬಿಡುತ್ತದೆ. ಹೊಸದು ಹಾಕಿದ ದಿನವೇ ಲಿವರ್ ಲೂಸ್.

ಹಾಗಾದರೆ ಸರಿಯಾದ ಅಳತೆ ಎಲ್ಲಿಂದ ತರುವುದು? ಲಿವರಿನ ಗುಂಡಿನಲ್ಲೇ ಇದೆ. ಗುಂಡು ಪೂರ್ತಿ ಒಂದೇ ಥರ ಸವೆಯುವುದಿಲ್ಲ. ಕೈ ಹೆಚ್ಚು ಓಡುವ ದಿಕ್ಕಿನಲ್ಲಿ ಹೆಚ್ಚು ಉಜ್ಜುತ್ತದೆ. ಬೆಳಕಿಗೆ ಹಿಡಿದು ನೋಡಿ: ಉಜ್ಜಿದ ಜಾಗ ಕನ್ನಡಿ ಥರ ಹೊಳೆಯುತ್ತದೆ, ಉಜ್ಜದ ಜಾಗ ಮಂಕಾಗಿ, ಕಾರ್ಖಾನೆಯಲ್ಲಿ ಲೇತ್ ಮೇಲೆ ಟರ್ನ್ ಮಾಡಿದಾಗ ಬಿದ್ದ ಸಣ್ಣ ಗೆರೆಗಳ ಸಮೇತ ಹಾಗೇ ಉಳಿದಿರುತ್ತದೆ. ಮೈಕ್ರೋಮೀಟರ್ ಹಿಡಿಯಬೇಕಾದ್ದು ಆ ಮಂಕು ಜಾಗಕ್ಕೆ. ಅದೇ ಮೂಲ ಅಳತೆ. ಹೊಳೆಯುವ ಕಡೆ ಅಳೆದರೆ ಎಷ್ಟು ಸವೆದಿದೆ ಅಂತ ಗೊತ್ತಾಗುತ್ತದೆ. ಎರಡೂ ಬೇಕು.

ಒಂದು ಗಾಡಿ ಅಳೆದರೆ ಸಾಲದು. ಭಾನುವಾರ ಬೆಳಗ್ಗೆ ಜಿಪ್ಸಿಯವರು ನಂದಿ ಬೆಟ್ಟದ ಕಡೆ ಡ್ರೈವ್ ಹೋಗಿ ತಿಂಡಿಗೆ ನಿಲ್ಲಿಸುತ್ತಾರಲ್ಲ, ಅಲ್ಲಿ ಇಡ್ಲಿ ಬರುವಷ್ಟರಲ್ಲಿ ಲಿವರ್ ಕಳಚಿ ಅಳೆದುಕೊಂಡು ವಾಪಸ್ ಕೂರಿಸುತ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ. ಗಾಡಿ ಬಗ್ಗೆ ಪ್ರೀತಿ ಇರುವವರು ಇಂಥದ್ದಕ್ಕೆ ಖುಷಿಯಿಂದ ನಿಂತು ಟಾರ್ಚ್ ಹಿಡಿಯುತ್ತಾರೆ. ಸಾಕಷ್ಟು ಅಳತೆ ಕೂಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಮೂಲ ಅಳತೆ ಎಲ್ಲದರಲ್ಲೂ ಹತ್ತಿರ ಹತ್ತಿರ ಒಂದೇ, ಆದರೆ ಸವೆತದಲ್ಲಿ ಗಾಡಿಗಳು ಎರಡು ಗುಂಪಾಗುತ್ತವೆ: ಊರಲ್ಲಿ ಓಡಿದವು, ತೋಟ-ಕಾಡು ಓಡಿದವು. ಅದಕ್ಕೇ ನಾನು ಸೀಟನ್ನು ಎರಡು ಸೈಜಿನಲ್ಲಿ ಮಾಡುತ್ತೇನೆ. ಒಂದು ಮೂಲ ಅಳತೆಯದು, ಇನ್ನೊಂದು ಸವೆದ ಗುಂಡಿಗೆ ಸ್ವಲ್ಪ ಬಿಗಿಯಾದದ್ದು. ಕೊಳ್ಳುವವರು ವರ್ನಿಯರ್‌ನಲ್ಲಿ ಅಳೆದ ಫೋಟೋ ಕಳಿಸಬೇಕು. ಕಳಿಸದಿದ್ದರೆ ಮಾರುವುದಿಲ್ಲ. ಇದು ಕೆಲವರಿಗೆ ಕಿರಿಕಿರಿ ಅನಿಸುತ್ತದೆ, ಆದರೆ ಇದರಿಂದಲೇ ನನ್ನ ಪೀಸುಗಳು ವಾಪಸ್ ಬರುವುದು ತೀರಾ ಕಡಿಮೆ.

ಮೆಟೀರಿಯಲ್ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ನೈಲಾನ್ ಅಗ್ಗ, ಆದರೆ ಗಾಳಿಯ ತೇವ ಹೀರಿ ಉಬ್ಬುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಲಿವರ್ ಬಿಗಿ, ಬೇಸಿಗೆಯಲ್ಲಿ ಸಡಿಲ ಆದರೆ ಏನು ಪ್ರಯೋಜನ? ಡೆಲ್ರಿನ್ ತೇವ ಹೀರುವುದು ಬಹಳ ಕಡಿಮೆ, ಮೈ ನುಣುಪು, ಗ್ರೀಸ್ ಕಡಿಮೆ ಇದ್ದರೂ ಚೆನ್ನಾಗಿ ಜಾರುತ್ತದೆ. ಆದರೆ ಬಿಸಿಗೆ ಹಿಗ್ಗುವುದರಲ್ಲಿ ಉಕ್ಕಿಗಿಂತ ಸುಮಾರು ಒಂಬತ್ತು ಪಟ್ಟು ಮುಂದೆ. ಲೆಕ್ಕ ಹಾಕಿ ನೋಡಿ. 25 ಮಿ.ಮೀ. ವ್ಯಾಸದ ಡೆಲ್ರಿನ್ ಪೀಸು 60 ಡಿಗ್ರಿ ಬಿಸಿ ಏರಿದರೆ 0.16 ಮಿ.ಮೀ. ಹಿಗ್ಗುತ್ತದೆ. ಅದೇ ಅಳತೆಯ ಉಕ್ಕು 0.02 ಮಿ.ಮೀ. ಕೂಡ ಮುಟ್ಟುವುದಿಲ್ಲ. ಘಾಟಿ ಹತ್ತಿದ ಮೇಲೆ ಗೇರ್‌ಬಾಕ್ಸ್ ಎಷ್ಟು ಕಾಯುತ್ತದೆ ಅಂತ ಓಡಿಸಿದವರಿಗೆಲ್ಲ ಗೊತ್ತು. ತಣ್ಣಗಿರುವಾಗ ಹಿತವಾಗಿ ಬಿಗಿ ಇದ್ದ ಸೀಟು ಚಾರ್ಮಾಡಿ ಮೇಲೆ ಹೋಗುವಷ್ಟರಲ್ಲಿ ಗುಂಡನ್ನು ಕಚ್ಚಿ ಹಿಡಿಯಬಾರದು. ಆ ಜಾಗವನ್ನು ಮೊದಲೇ ಬಿಟ್ಟಿರಬೇಕು.

ಟರ್ನಿಂಗ್ ಮಾಡಿಸುವುದು ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಲೇತ್ ಮೇಲಿಂದ ಇಳಿದ ತಕ್ಷಣ ಡೆಲ್ರಿನ್ ಅಳೆಯಬಾರದು, ಟೂಲಿನ ಬಿಸಿಗೆ ಹಿಗ್ಗಿರುತ್ತದೆ. ತಣ್ಣಗಾದ ಮೇಲೆ ನೋಡಿದರೆ ಅಳತೆ ಇಳಿದಿರುತ್ತದೆ. ಇದನ್ನು ಅಲ್ಲಿನ ಟರ್ನರ್ ಅಣ್ಣನಿಗೆ ಹೇಳಿದಾಗ ಅವರು ನಕ್ಕು, "ಉಕ್ಕಿಗೆ ಇಷ್ಟು ನಖರಾ ಇಲ್ಲ ಕಣಪ್ಪ" ಅಂದರು. ಆಮೇಲೆ ಅವರೇ ಟೂಲನ್ನು ಬ್ಲೇಡಿನಷ್ಟು ಚೂಪು ಮಾಡಿ, ಕೊನೆಯ ಕಟ್ ತೆಳ್ಳಗೆ ತೆಗೆದು, ಪೀಸುಗಳನ್ನು ಟ್ರೇಯಲ್ಲಿ ಆರಲು ಬಿಟ್ಟು ಮಧ್ಯಾಹ್ನ ಅಳೆಯುವ ಪದ್ಧತಿ ಮಾಡಿಕೊಂಡರು. ಇಂಥ ಕೈ ಸಿಕ್ಕಿದರೆ ಬಿಡಬೇಡಿ. ಐದು ರೂಪಾಯಿ ಕಡಿಮೆಗೆ ಬೇರೆಯವರು ಸಿಗುತ್ತಾರೆ ಅಂತ ನಾನು ಇವತ್ತಿನವರೆಗೆ ವರ್ಕ್‌ಶಾಪ್ ಬದಲಾಯಿಸಿಲ್ಲ.

ದುಡ್ಡಿನ ವಿಷಯ ಸರಳ. ಒಂದೇ ಪೀಸ್ ಮಾಡಿಸಿದರೂ, ಐವತ್ತು ಮಾಡಿಸಿದರೂ ಲೇತನ್ನು ಆ ಕೆಲಸಕ್ಕೆ ಹೊಂದಿಸುವ ಸೆಟ್ಟಿಂಗ್ ಖರ್ಚು ಒಂದೇ. ಸೆಟ್ಟಿಂಗಿಗೆ 1000 ರೂಪಾಯಿ ಅಂತ ಇಟ್ಟುಕೊಂಡರೆ ಐವತ್ತು ಪೀಸಿನಲ್ಲಿ ಪೀಸಿಗೆ 20 ರೂಪಾಯಿ ಬೀಳುತ್ತದೆ, ಐದರಲ್ಲಿ 200. ಹಾಗಾಗಿ ಮೊದಲು ಆಸಕ್ತಿ ಇರುವವರಿಂದ ಅಡ್ವಾನ್ಸ್ ತಗೊಂಡು, ಒಂದು ಬ್ಯಾಚಿಗೆ ಆಗುವಷ್ಟು ಜನ ಸೇರಿದ ಮೇಲೆಯೇ ಜಾಬ್ ಕೊಡುತ್ತೇನೆ. ನನ್ನ ಸಮಯದ ಬೆಲೆಯನ್ನೂ ರೇಟಿನಲ್ಲಿ ಸೇರಿಸುತ್ತೇನೆ. ಸ್ನೇಹಿತರಿಗೆ ತಾನೇ ಅಂತ ಅಸಲಿಗೇ ಕೊಟ್ಟರೆ ಎರಡನೇ ಬ್ಯಾಚ್ ಮಾಡುವ ಉತ್ಸಾಹ ಉಳಿಯುವುದಿಲ್ಲ, ಆಗ ನಿಜವಾಗಿ ಬೇಕಾದವರಿಗೆ ಪೀಸೇ ಸಿಗುವುದಿಲ್ಲ.

ನಾನು ಮಾಡುವ ಎರಡನೆಯ ಪೀಸು ಲೀಫ್ ಸ್ಪ್ರಿಂಗಿನ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಪಿಯು ಬುಷ್, ಅಂದರೆ ಸ್ಪ್ರಿಂಗಿನ ತುದಿಯಲ್ಲಿ ಪಿನ್ನಿನ ಸುತ್ತ ಕೂರುವ ಪಾಲಿಯುರಿಥೇನ್ ಕೊಳವೆ. ಜಿಪ್ಸಿಗೆ ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್, ಅದಕ್ಕೇ ಆ ಕುಲುಕಾಟ. ರಬ್ಬರ್ ಬುಷ್ ಒಣಗಿ ಬಿರುಕು ಬಿಟ್ಟರೆ ಕುಲುಕಾಟದ ಜೊತೆ ಲೊಟಲೊಟ ಸದ್ದೂ ಸೇರಿಕೊಳ್ಳುತ್ತದೆ. ಪಾಲಿಯುರಿಥೇನ್ ಎರಕ ಹೊಯ್ಯುವುದು ಮನೆಯ ಟೆರೇಸ್ ಶೆಡ್ಡಿನಲ್ಲೇ ಸಾಧ್ಯ, ಆದರೆ ಇದು ಆಟದ ಕೆಲಸವಲ್ಲ. ಎರಡು ದ್ರವ ಕಲಸಬೇಕು. ಅದರಲ್ಲಿ ಒಂದು ಐಸೊಸಯನೇಟ್. ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಒಮ್ಮೆ ಅಲರ್ಜಿ ಅಂಟಿಕೊಂಡರೆ ಆಮೇಲೆ ಸ್ವಲ್ಪ ವಾಸನೆಗೂ ಉಬ್ಬಸ ಬರಬಹುದು. ಸರಿಯಾದ ಕಾರ್ಟ್ರಿಜ್ ಮಾಸ್ಕ್, ನೈಟ್ರೈಲ್ ಗ್ಲೌಸ್, ಎರಡೂ ಕಡೆ ಗಾಳಿ ಓಡುವ ಜಾಗ ಇಲ್ಲದಿದ್ದರೆ ದಯವಿಟ್ಟು ಶುರು ಮಾಡಬೇಡಿ. ಮಕ್ಕಳು ಓಡಾಡುವ ಕಡೆಯಂತೂ ಬೇಡವೇ ಬೇಡ. ಬಿಸಿ ಎರಕದಲ್ಲಿ ಬಳಸುವ ಮೋಕಾ ಅನ್ನುವ ಕ್ಯೂರಿಂಗ್ ರಾಸಾಯನಿಕ ಕ್ಯಾನ್ಸರ್ ತರುವಂಥದ್ದು. ನಾನು ಅದನ್ನು ಮನೆಯೊಳಗೆ ತಂದೇ ಇಲ್ಲ, ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುವ ಸಿಸ್ಟಂ ಮಾತ್ರ ಬಳಸುತ್ತೇನೆ.

ಇನ್ನೊಂದು ಶತ್ರು ನೀರು. ಐಸೊಸಯನೇಟಿಗೆ ನೀರಿನಂಶ ತಾಗಿದರೆ ಕಾರ್ಬನ್ ಡೈ ಆಕ್ಸೈಡ್ ಹುಟ್ಟುತ್ತದೆ, ಬುಷ್ ತುಂಬಾ ಗುಳ್ಳೆ. ಹೊರಗೆ ನುಣ್ಣಗಿದ್ದು ಕತ್ತರಿಸಿ ನೋಡಿದರೆ ಒಳಗೆ ಬ್ರೆಡ್ಡು. ಆದ್ದರಿಂದ ಬೆಂಗಳೂರಲ್ಲಿ ಜಿಟಿಜಿಟಿ ಮಳೆ ಹಿಡಿದ ವಾರ ನಾನು ಎರಕ ಹೊಯ್ಯುವುದಿಲ್ಲ. ಅಲ್ಯೂಮಿನಿಯಂ ಅಚ್ಚನ್ನು ಮೊದಲು ಬೆಚ್ಚಗೆ ಮಾಡಿ ಒಣಗಿಸಿ, ರಿಲೀಸ್ ವ್ಯಾಕ್ಸ್ ಹಚ್ಚಿ, ಕಲಸಿದ್ದನ್ನು ವ್ಯಾಕ್ಯೂಮ್ ಪಾತ್ರೆಯಲ್ಲಿಟ್ಟು ಗಾಳಿ ತೆಗೆದು ಆಮೇಲೆ ಸುರಿಯುತ್ತೇನೆ. ಎರಡು ದ್ರವವನ್ನೂ ತೂಕ ಹಾಕಿಯೇ ಕಲಸಬೇಕು, ಕಣ್ಣಳತೆ ನಡೆಯುವುದಿಲ್ಲ. ಪ್ರತಿ ಬ್ಯಾಚಿನಿಂದ ಒಂದು ಬುಷ್ ಕತ್ತರಿಸುತ್ತೇನೆ, ಉಳಿದವುಗಳ ಗಡಸುತನವನ್ನು ಶೋರ್ ಗೇಜಿನಲ್ಲಿ ನೋಡುತ್ತೇನೆ. ಊರಲ್ಲೂ ಓಡಿಸುವವರಿಗೆ ಆ ಗೇಜಿನ ಎ ಅಳತೆಯಲ್ಲಿ (ಶೋರ್ ಎ) 80ರ ಸುತ್ತಮುತ್ತ ಹಿತ. ಅದಕ್ಕಿಂತ ಗಟ್ಟಿಯಾದದ್ದು ಬೇಕು ಅಂತ ಕೇಳುವವರಿದ್ದಾರೆ, ಆದರೆ ಸೊಂಟಕ್ಕೆ ಒಳ್ಳೆಯದಲ್ಲ ಅಂತ ನೇರವಾಗಿ ಹೇಳುತ್ತೇನೆ.

ಡ್ಯಾಶ್‌ಬೋರ್ಡಿನ ಮೀಟರ್ ಪಾಡ್, ಸ್ವಿಚ್ ಪ್ಲೇಟ್‌ಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡುತ್ತೇನೆ. ಇದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ಕುಗಳಲ್ಲಿ ಪಿಎಲ್‌ಎ ಬೇಡ, ಅದು 60 ಡಿಗ್ರಿಯ ಹತ್ತಿರವೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಅಷ್ಟು ಬಿಸಿ ಸುಲಭವಾಗಿ ಮುಟ್ಟುತ್ತದೆ. ಎಎಸ್‌ಎ ಅನ್ನುವ ಪ್ಲಾಸ್ಟಿಕ್ ಬಳಸಿ. ಸುಮಾರು 100 ಡಿಗ್ರಿಯವರೆಗೆ ತಡೆಯುತ್ತದೆ, ಬಿಸಿಲಿಗೆ ಬಣ್ಣವೂ ಹಾಳಾಗುವುದಿಲ್ಲ.

ಈಗ, ಏನು ಮಾಡುವುದಿಲ್ಲ ಅನ್ನುವುದು. ಬ್ರೇಕ್, ಸ್ಟೀರಿಂಗ್, ಸೀಟ್ ಬೆಲ್ಟಿಗೆ ಸಂಬಂಧಪಟ್ಟ ಯಾವುದನ್ನೂ ನಾನು ಮಾಡುವುದಿಲ್ಲ. ಟೋ ಹುಕ್ ಕೂಡ ಇಲ್ಲ. ಕೆಸರಲ್ಲಿ ಹೂತ ಗಾಡಿ ಎಳೆಯುವಾಗ ಹುಕ್ ಕಿತ್ತು ಬಂದರೆ ಬಂದೂಕಿನ ಗುಂಡಿನ ಹಾಗೆ ಹಾರುತ್ತದೆ. ನನ್ನ ಹತ್ತಿರ ಕ್ರ್ಯಾಕ್ ಟೆಸ್ಟ್ ಮಾಡುವ ಲ್ಯಾಬ್ ಇಲ್ಲ, ವೆಲ್ಡಿಂಗನ್ನು ಎಕ್ಸ್‌ರೇ ಮಾಡುವ ಮಿಷನ್ ಇಲ್ಲ. ಗೇರ್ ಸೀಟು ಸವೆದರೆ ಲಿವರ್ ಓಲಾಡುತ್ತದೆ, ಗಾಡಿ ಮನೆ ಸೇರುತ್ತದೆ. ಸ್ಟೀರಿಂಗಿನ ಪೀಸು ಮುರಿದರೆ ಹಾಗಲ್ಲ. ಯಾವುದೇ ಹೊಸ ಪೀಸಿನ ಯೋಚನೆ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಇದು ರಾತ್ರಿ ಹೊತ್ತು, ಘಾಟಿಯ ತಿರುವಿನಲ್ಲಿ, ಗುರುತಿಲ್ಲದವರ ಗಾಡಿಯಲ್ಲಿ ಕೈಕೊಟ್ಟರೆ ಏನಾಗುತ್ತದೆ? ಉತ್ತರ ಕೊಡಲು ಮನಸ್ಸು ಅಳುಕಿದರೆ ಅಲ್ಲಿಗೇ ಕೈಬಿಡುತ್ತೇನೆ.

ಗಾಡಿಯ ಮುಂದೆ ಬಂಪರಿಗೆ ಕೂರಿಸುವ ಕಬ್ಬಿಣದ ಗಾರ್ಡ್, ಅಂದರೆ ಬುಲ್ ಬಾರ್ ಕೇಳುವವರೂ ತುಂಬಾ. ಅದನ್ನು ಹಾಕಿಸಬಾರದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಅದಕ್ಕೆ ಗುದ್ದಿಸಿಕೊಂಡ ಪಾದಚಾರಿಯ ಗತಿ ಯೋಚಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಮೂಲ ಭಾಗದ ಜಾಗದಲ್ಲಿ, ಅದೇ ಕೆಲಸ ಮಾಡುವ ಭಾಗ ಕೂರಿಸುವುದಷ್ಟೇ ನನ್ನ ಕೆಲಸ. ನನ್ನ ಪೀಸಿನ ಮೇಲೆ ಕಾರು ಕಂಪನಿಯ ಹೆಸರೋ ಲೋಗೋವೋ ಇರುವುದಿಲ್ಲ. ಬ್ಯಾಚ್ ನಂಬರ್ ಮಾತ್ರ ಕೆತ್ತಿರುತ್ತೇನೆ. ದೂರು ಬಂದರೆ ಆ ಬ್ಯಾಚ್ ತಗೊಂಡವರಿಗೆಲ್ಲ ಫೋನ್ ಮಾಡಲು ಅದು ಬೇಕೇ ಬೇಕು.

ತೆರಿಗೆಯ ವಿಷಯದಲ್ಲಿ ಒಂದು ಮಾತು, ಯಾಕಂದ್ರೆ ಹೊಸಬರು ಇದನ್ನು ಕೇಳುತ್ತಲೇ ಇರುತ್ತಾರೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಅನ್ನುವುದು ನಿಜ, ಆದರೆ ಅದು ರಾಜ್ಯದೊಳಗೆ ಮಾರಿದರೆ ಮಾತ್ರ. ಊಟಿಗೋ ವಯನಾಡಿಗೋ ಒಂದು ಪೀಸ್ ಕಳಿಸಿದರೂ ನೋಂದಣಿ ಬೇಕು. ಜಿಪ್ಸಿಯವರು ಹೆಚ್ಚಾಗಿ ಅಲ್ಲೇ ಇರುವುದರಿಂದ ನಾನು ಮಾಡಿಸಿಕೊಂಡೆ. ವಾಹನ ಬಿಡಿಭಾಗಗಳ ಮೇಲೆ ಈಗ ಶೇ. 18 ತೆರಿಗೆ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಹೆಚ್ಚಿನವಕ್ಕೆ ಶೇ. 28 ಇತ್ತು.

ಪಾರ್ಸಲ್ ಜೊತೆ ಕನ್ನಡದಲ್ಲಿ ಒಂದು ಹಾಳೆ ಇಡುತ್ತೇನೆ. ಎಷ್ಟೋ ಸಲ ಪೀಸ್ ಫಿಟ್ ಮಾಡುವವರು ತೋಟದ ಡ್ರೈವರ್ ಅಥವಾ ಸಂತೆಪೇಟೆಯ ಮೆಕ್ಯಾನಿಕ್, ಮಾಲೀಕರಲ್ಲ. ಆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಎರಡು ಮಾತು ಇರುತ್ತದೆ. ಒಂದು, ಪಿಯು ಬುಷ್ ರಬ್ಬರಿನ ಹಾಗೆ ತಾನೇ ತಿರುಚಿಕೊಳ್ಳುವುದಿಲ್ಲ, ಪಿನ್ನಿನ ಮೇಲೆ ಜಾರುತ್ತದೆ. ಆದ್ದರಿಂದ ಒಳಗೆ ಸಿಲಿಕೋನ್ ಗ್ರೀಸ್ ಹಚ್ಚದೆ ಕೂರಿಸಿದರೆ ಕಿರ್ರ್ ಅನ್ನುತ್ತದೆ. ಎರಡು, ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಬೋಲ್ಟಿನ ಕೊನೆಯ ಬಿಗಿ ಜಾಕ್ ಮೇಲಿರುವಾಗ ಬೇಡ. ಗಾಡಿ ನೆಲಕ್ಕಿಳಿದು, ನಾಲ್ಕು ಚಕ್ರದ ಮೇಲೆ ತೂಕ ಬಿದ್ದ ಮೇಲೆ ಬಿಗಿ ಮಾಡಿ, ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ತೆಗೆದ ಹಳೇ ಬುಷ್ಷನ್ನು ಎಸೆಯಬೇಡಿ, ನನಗೆ ಕಳಿಸಿ, ಕೊರಿಯರ್ ಖರ್ಚು ನನ್ನದು ಅಂತಲೂ ಕೆಳಗೆ ಬರೆದಿರುತ್ತೇನೆ. ಯಾವ ಕಡೆ ಎಷ್ಟು ಸವೆದಿದೆ ಅಂತ ನೋಡಿಯೇ ಮುಂದಿನ ಬ್ಯಾಚಿನ ಅಚ್ಚು ತಿದ್ದುವುದು.