ಗೇಮಿಂಗ್ ಕಾರ್ಡಿನಲ್ಲಿ ಅಡೆನಿಲೇಟ್ ಕೈನೇಸ್‌ನ ಲಿಡ್ ಮುಚ್ಚಿಸಿದೆ

ಕೊನೆಗೂ ಲಿಡ್ ಮುಚ್ಚಿತು. ಅಂದರೆ ಕಂಪ್ಯೂಟರ್ ಸಿಮ್ಯುಲೇಶನ್ನಿನಲ್ಲಿ, ಅಡೆನಿಲೇಟ್ ಕೈನೇಸ್ ಎಂಬ ಕಿಣ್ವದ ಮುಚ್ಚಳದಂಥ ಭಾಗ. 4ಎಕೆಇ (ಅದರ ತೆರೆದ ರಚನೆ) ಇಂದ ಹೊರಟ ಅಡೆನಿಲೇಟ್ ಕೈನೇಸ್ 1ಎಕೆಇ (ಮುಚ್ಚಿದ ರಚನೆ) ಹತ್ತಿರ ಬಂತು, ತೆರೆಯಿತು, ಮತ್ತೆ ಮುಚ್ಚಿತು. ಆ ಎರಡು ರಚನೆಗಳ ನಡುವೆ ಸುಮಾರು 7 ಆಂಗ್‌ಸ್ಟ್ರಾಂ ಅಂತರ. ನನ್ನದು ಮುಚ್ಚಿದ ರಚನೆಯಿಂದ 2ರ ಆಸುಪಾಸಿಗೆ ಇಳಿಯಿತು. "ಗೇಮ್ ಆಡೋ ಕಾರ್ಡಲ್ಲಿ ಆಗೋ ಕೆಲಸ ಅಲ್ಲ ಸರ್ ಇದು" ಅಂತ ಡಿಪಾರ್ಟ್‌ಮೆಂಟಿನಲ್ಲಿ ಹೇಳದವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಶುರುವಿನಲ್ಲಿ ಕ್ಲೌಡ್‌ನಲ್ಲಿ ಜಿಪಿಯು ಬಾಡಿಗೆಗೆ ಹಿಡಿದೆ. ಬಯಾಸ್ (ಹೊರಗಿನಿಂದ ತಳ್ಳುವ ಬಲ) ಹಾಕದೆ ಪ್ರೋಟೀನಿನ ಒಂದು ಮೈಕ್ರೋಸೆಕೆಂಡಿನ ಚಲನೆ ಓಡಿಸಿದರೆ ಲಿಡ್ ತಾನಾಗೇ ಮುಚ್ಚುತ್ತದೆ ಅಂದುಕೊಂಡಿದ್ದೆ. ಅರ್ಧ ಬಾಗಿತು, ವಾಪಸ್ ಹೋಯಿತು. 18 ಸಾವಿರ ಖಾಲಿ. ಆಮೇಲೆ 17 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ತಂದೆ, ಯುಪಿಎಸ್‌ಗೆ ಇನ್ನೊಂದು ಐದಾರು ಸಾವಿರ. ಬೇಸಿಗೆಯಲ್ಲಿ ಕರೆಂಟ್ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಗ್ರೋಮ್ಯಾಕ್ಸ್ (ಸಿಮ್ಯುಲೇಶನ್ ಓಡಿಸುವ ಸಾಫ್ಟ್‌ವೇರ್) 15 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಬರೆಯುವುದರಿಂದ ಬದುಕಿಕೊಂಡೆ.

ಎರಡನೇ ಪೆಟ್ಟು ಬಾಕ್ಸಿನದು, ಅಂದರೆ ಪ್ರೋಟೀನ್ ಮತ್ತು ನೀರು ಇಡುವ ಸಿಮ್ಯುಲೇಶನ್ ಪೆಟ್ಟಿಗೆಯದು. 1ಎಕೆಇ ತಗೊಂಡು, ಒಳಗಿದ್ದ ಎಪಿ5ಎ (ಕಿಣ್ವವನ್ನು ತಡೆಯುವ ಅಣು) ತೆಗೆದು, ಸುತ್ತ 1 ನ್ಯಾನೋಮೀಟರ್ ಬಿಟ್ಟು ನೀರು ತುಂಬಿಸಿದ್ದೆ. ಮುಚ್ಚಿದ ಪ್ರೋಟೀನಿಗೆ ಅದು ಸಾಕು. ಆದರೆ ಲಿಡ್ ತೆರೆದ ಮೇಲೆ ಪ್ರೋಟೀನ್ ಉದ್ದವಾಗುತ್ತದೆ ಅಲ್ವಾ? ಎರಡು ವಾರದ ರನ್ ಮುಗಿದ ಮೇಲೆ ಮಿನ್‌ಡಿಸ್ಟ್ (ಕನಿಷ್ಠ ದೂರ ಅಳೆಯುವ ಆಜ್ಞೆ) ಹಾಕಿ ನೋಡಿದರೆ, ಲಿಡ್ ತನ್ನದೇ ಪೀರಿಯಾಡಿಕ್ ಇಮೇಜಿಗೆ (ಪಕ್ಕದ ಬಾಕ್ಸಿನಲ್ಲಿರುವ ತನ್ನ ಪ್ರತಿಗೆ) ತಾಗಿಕೊಂಡು ಕೂತಿದೆ. ಎಲ್ಲವನ್ನೂ ಅಳಿಸಿದೆ. ಈಗ ಬಾಕ್ಸ್ ಅಳತೆಯನ್ನು ಯಾವಾಗಲೂ ತೆರೆದ ರಚನೆಯಿಂದಲೇ ತೆಗೆಯುತ್ತೇನೆ. ನೀರು ಸೇರಿ 50 ಸಾವಿರದ ಹತ್ತಿರ ಪರಮಾಣು ಆಗುತ್ತವೆ, ಆಗಲಿ.

ಆಮೇಲೆ ಪ್ಲೂಮ್ಡ್ ಎಂಬ ಸಾಫ್ಟ್‌ವೇರ್ ಹಾಕಿ ಮೆಟಾಡೈನಾಮಿಕ್ಸ್, ಅಂದರೆ ಆಗಲೇ ನೋಡಿದ ಸ್ಥಿತಿಗಳಿಂದ ಪ್ರೋಟೀನನ್ನು ಬಯಾಸ್ ಹಾಕಿ ಹೊರಗೆ ತಳ್ಳುವ ವಿಧಾನ. ದಿನಕ್ಕೆ 120 ನ್ಯಾನೋಸೆಕೆಂಡಿನ ಚಲನೆ ಬರುತ್ತಿದ್ದದ್ದು 70ಕ್ಕೆ ಇಳಿಯಿತು. ಲಿಡ್ (ರೆಸಿಡ್ಯೂ, ಅಂದರೆ ಅಮೈನೋ ಆಮ್ಲ 122ರಿಂದ 159) ಮತ್ತು ಕೋರ್ ನಡುವಿನ ದೂರವನ್ನೇ ಸಿವಿ (ಬಯಾಸ್ ಹಾಕುವ ಅಳತೆ) ಮಾಡಿದ್ದೆ. ಗ್ರಾಫಿನಲ್ಲಿ ಚೆಂದವಾಗಿ ಮುಚ್ಚಿತ್ತು. ಆರ್‌ಎಂಎಸ್‌ಡಿ (ಮುಚ್ಚಿದ ರಚನೆಯಿಂದ ಪರಮಾಣುಗಳ ಸರಾಸರಿ ಅಂತರ) ಮಾತ್ರ 5 ಆಂಗ್‌ಸ್ಟ್ರಾಂನಿಂದ ಕೆಳಗೆ ಬರಲೇ ಇಲ್ಲ. ವಿಎಂಡಿಯಲ್ಲಿ (ಅಣುಗಳನ್ನು ತೋರಿಸುವ ಸಾಫ್ಟ್‌ವೇರ್) ಫ್ರೇಮ್ ಫ್ರೇಮ್ ನೋಡಿದೆ. ಲಿಡ್ ಪಕ್ಕಕ್ಕೆ ತಿರುಚಿಕೊಂಡು ಬಂದಿತ್ತು. ಎಟಿಪಿಯ (ಜೀವಕೋಶದ ಶಕ್ತಿಯ ಅಣು) ಫಾಸ್ಫೇಟ್ ಹಿಡಿಯಬೇಕಾದ ಆರ್ಜಿನಿನ್ 123, 156 ಎರಡೂ ನೀರಿನ ಕಡೆಗೆ ಮುಖ ಮಾಡಿದ್ದವು. ದೂರ ಸರಿ, ದಿಕ್ಕು ತಪ್ಪು.

ದೂರ ಬಿಟ್ಟು ಕೋನ ಹಿಡಿದೆ. ಲಿಡ್‌ಗೆ ಒಂದು, ಎಎಂಪಿ ಅಣು ಕೂರುವ ಎನ್‌ಎಂಪಿ ಭಾಗಕ್ಕೆ (30ರಿಂದ 59) ಒಂದು. ಗಾಸಿಯನ್ (ಬಯಾಸ್ ಆಗಿ ಹಾಕುವ ಒಂದೊಂದು ಗುಡ್ಡೆ) ಎತ್ತರವನ್ನು ಮೊದಲಿನ ಅರ್ಧಕ್ಕೂ ಕಮ್ಮಿ ಮಾಡಿದೆ, ವೆಲ್-ಟೆಂಪರ್ಡ್ (ಗುಡ್ಡೆ ಬರಬರುತ್ತಾ ಚಿಕ್ಕದಾಗುವ ಬಗೆ), ಬಯಾಸ್ ಫ್ಯಾಕ್ಟರ್ 10ರ ಸುತ್ತ. ಕೋನಕ್ಕೆ ಯಾವ ಯಾವ ರೆಸಿಡ್ಯೂ ತಗೊಂಡೆ, ಕೋನ ಮೀರದಂತೆ ತಡೆಯುವ ಗೋಡೆ ಎಲ್ಲಿ ಕಟ್ಟಿದೆ ಅನ್ನೋದನ್ನು ಈಗ ಹೇಳಲ್ಲ. ನನ್ನ ವಿದ್ಯಾರ್ಥಿನಿಯ ಪೇಪರ್ ಮೊದಲು ಬರಲಿ.

ಮಧ್ಯದಲ್ಲಿ ಸುಮ್ನೆ ಕುತೂಹಲಕ್ಕೆ ಲ್ಯಾಪ್‌ಟಾಪಿನಲ್ಲಿ ಎಲಾಸ್ಟಿಕ್ ನೆಟ್‌ವರ್ಕ್ (ಪ್ರೋಟೀನನ್ನು ಸ್ಪ್ರಿಂಗ್‌ಗಳ ಜಾಲ ಅಂತ ನೋಡುವ ಸರಳ ಮಾದರಿ) ಮಾಡಿದೆ. ಐದು ನಿಮಿಷದ ಕೆಲಸ, ಕಾಸು ಖರ್ಚಿಲ್ಲ. ಮೊದಲ ಎರಡು ಮೂರು ಮೋಡ್‌ಗಳಲ್ಲೇ (ಸಹಜ ಅಲುಗಾಟದ ಬಗೆಗಳಲ್ಲೇ) ಲಿಡ್ ಮುಚ್ಚುವ ದಿಕ್ಕು ಕಾಣಿಸಿತು! ಇದನ್ನು ಮೊದಲೇ ಮಾಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. 340 ಕೆಲ್ವಿನ್‌ಗೂ ಏರಿಸಿ ನೋಡಿದೆ, ಲಿಡ್ ಜಾಸ್ತಿ ಅಲ್ಲಾಡಿತು, ಬೇರೇನೂ ಸಿಗಲಿಲ್ಲ.

ನಂಬದವರಿಗೆ ನಾನು ತೋರಿಸುವುದು ಒಂದೇ. 4ಎಕೆಇ ಇಂದ ಒಂದು ರನ್, 1ಎಕೆಇ ಇಂದ ಇನ್ನೊಂದು. ಎರಡರ ಫ್ರೀ ಎನರ್ಜಿ ನಕ್ಷೆಯೂ (ಯಾವ ಸ್ಥಿತಿ ಎಷ್ಟು ಸ್ಥಿರ ಅನ್ನುವ ನಕ್ಷೆ) ಒಂದೇ ಥರ, ವ್ಯತ್ಯಾಸ ಅಬ್ಬಬ್ಬಾ ಅಂದರೆ ಮೋಲಿಗೆ 3, 4 ಕಿಲೋಜೌಲ್. ಎಟಿಪಿ ಇಲ್ಲದಾಗ ತೆರೆದ ಕಡೆಗೇ ಒಲವು, ಮುಚ್ಚಿದರೂ ನಿಲ್ಲುವುದಿಲ್ಲ.

ಈ ಕಿಣ್ವದಲ್ಲಿ ರಾಸಾಯನಿಕ ಹಂತಕ್ಕಿಂತ ಲಿಡ್ ತೆರೆಯುವುದೇ ನಿಧಾನ ಅಂತ ಎನ್‌ಎಂಆರ್‌ನವರು (ಕಾಂತಕ್ಷೇತ್ರ ಬಳಸಿ ಅಣುಗಳ ಚಲನೆ ಅಳೆಯುವವರು) 2004ರಲ್ಲೇ ತೋರಿಸಿದ್ದಾರೆ. ಹಾಗಾಗಿ ಈಗ ಕ್ರಿಯೆಯ ಉತ್ಪನ್ನವಾದ ಎರಡು ಎಡಿಪಿ, ಒಂದು ಮೆಗ್ನೀಸಿಯಂ ಒಳಗಿಟ್ಟು ಓಡಿಸುತ್ತಿದ್ದೇನೆ. ಹನ್ನೊಂದನೇ ದಿನ ಇವತ್ತು. ಆರ್ಜಿನಿನ್ 123 ಫಾಸ್ಫೇಟನ್ನು ಹಿಡಿದೇ ಇದೆ, ಲಿಡ್ ಇನ್ನೂ ಬಿಟ್ಟಿಲ್ಲ.