20,000 ಲುಮೆನ್ ಎದುರು ನನ್ನ ಸಾವಿರ ಲುಮೆನ್

ನಮ್ಮ ಟಾರ್ಚ್ ಹುಚ್ಚರ ಗುಂಪಿನಲ್ಲಿ ಈ ಮಳೆಗಾಲ ಪೂರ್ತಿ ಒಂದೇ ಚರ್ಚೆ: ಹೊಸದಾಗಿ ಬಂದಿರುವ ಮೂರು ಸೆಲ್ಲಿನ, ಒಂದು ಡಜನ್ ಎಲ್‌ಇಡಿಯ ಟಾರ್ಚನ್ನು ಒಟ್ಟಿಗೆ ತರಿಸೋಣವೇ ಬೇಡವೇ. ಡಬ್ಬದ ಮೇಲೆ 20,000 ಲುಮೆನ್, ಟೈಪ್-ಸಿ ಚಾರ್ಜಿಂಗ್, ಬೆಲೆ ಒಂಬತ್ತು ಸಾವಿರದ ಆಸುಪಾಸು. ಬೇಡ ಅಂದವನು ನಾನೊಬ್ಬನೇ. ಅದರ ಅರ್ಧ ದುಡ್ಡಿನಲ್ಲಿ, ಒಂದೇ ಎಲ್‌ಇಡಿ ಹಾಕಿ, ಕಣಿವೆಯ ಆಚೆಗೆ ಅದಕ್ಕಿಂತ ಜೋರಾಗಿ ಬೆಳಕು ಮುಟ್ಟಿಸುತ್ತೇನೆ ಅಂದೆ. ನಕ್ಕರು. ಈಗ ಅವರಲ್ಲೇ ಇಬ್ಬರು ನಮಗೂ ಒಂದೊಂದು ಮಾಡಿಕೊಡು ಅಂತ ಮುಂಗಡ ಕೊಟ್ಟಿದ್ದಾರೆ. ಹಾಗಾಗಿ ಇದನ್ನು ಬರೆಯುವ ಧೈರ್ಯ.

ನನ್ನ ಅಗತ್ಯ ಇಷ್ಟು: ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ತೋಟ, ಕೆಳಗೆ ಗದ್ದೆ, ಹಳ್ಳ ದಾಟಿದರೆ ಎದುರು ಬ್ಯಾಣ, ಅಂದರೆ ಹುಲ್ಲುಗುಡ್ಡ. ಕಾಟಿ (ಕಾಡುಕೋಣ) ಬ್ಯಾಣದ ಅಂಚಿನಿಂದ ಇಳಿಯುವಾಗಲೇ ಕಣ್ಣು ಹೊಳೆದದ್ದು ಕಂಡರೆ ಗದ್ದೆ ಉಳಿಯುತ್ತದೆ, ಬೇಲಿ ಹತ್ತಿರ ಬಂದ ಮೇಲೆ ಕಂಡು ಪ್ರಯೋಜನವಿಲ್ಲ. ಅಂದಾಜು ಮುನ್ನೂರೈವತ್ತು ಮೀಟರ್ ದೂರ. (ಬೆಳಕು ಬಿಟ್ಟು ಓಡಿಸುವುದಷ್ಟೇ ನನ್ನ ಕೆಲಸ. ಶಿಕಾರಿಗೆ ಟಾರ್ಚ್ ಬೇಕು ಅಂತ ದಯವಿಟ್ಟು ಕೇಳಬೇಡಿ, 1972ರ ವನ್ಯಜೀವಿ ಕಾಯ್ದೆ ಎಲ್ಲೂ ಹೋಗಿಲ್ಲ.)

ಲುಮೆನ್ ಅಂದರೆ ಟಾರ್ಚು ಚೆಲ್ಲುವ ಒಟ್ಟು ಬೆಳಕು, ಕ್ಯಾಂಡೆಲಾ ಅಂದರೆ ಒಂದೇ ದಿಕ್ಕಿಗೆ ಅದು ಎಷ್ಟು ತೀಕ್ಷ್ಣ ಅನ್ನುವುದು. ದೂರಕ್ಕೆ ಬೇಕಾದದ್ದು ಕ್ಯಾಂಡೆಲಾ. ಕೊಳ್ಳುವಾಗ ಮಾತ್ರ ಎಲ್ಲರ ಕಣ್ಣೂ ಲುಮೆನ್ ಮೇಲೆ. ನಾನು ಹಿಡಿದದ್ದು ಒಸ್ರಾಮ್‌ನ ವೈಟ್ ಫ್ಲಾಟ್ ಎಲ್‌ಇಡಿ, ಬೆಳಗುವ ಭಾಗ 2 ಚದರ ಮಿ.ಮೀ. ಅಳತೆಯದು. 1 ಚದರ ಮಿ.ಮೀ.ನದ್ದೂ ಸಿಗುತ್ತದೆ, ಆದರೆ ದೂರದಲ್ಲಿ ಬೀಳುವ ಅದರ ಬೆಳಕಿನ ಬೊಟ್ಟು ತೀರಾ ಸಣ್ಣದು, ಹಿಂಡಿನಲ್ಲಿ ಒಂದು ಕಾಟಿ ಕಂಡರೆ ಪಕ್ಕದ್ದು ಕಾಣುವುದಿಲ್ಲ. ಬಾಡಿ 21700 ಸೆಲ್ (21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಲಿಥಿಯಂ ಸೆಲ್) ಹಿಡಿಸುವ, ದೊಡ್ಡ ತಲೆಯ ಕಾನ್ವಾಯ್ ಕಂಪನಿಯ ಎಲ್21ಎ. ರಿಫ್ಲೆಕ್ಟರ್ ನುಣುಪಿನದೇ ಇರಲಿ. ಕಿತ್ತಳೆ ಸಿಪ್ಪೆಯಂಥ ತರಿ ಇರುವುದನ್ನು ಹಾಕಿದರೆ ಬೆಳಕು ಚದುರಿ ಮಾಡಿದ್ದೆಲ್ಲ ದಂಡ.

ಇನ್ನು ಸತ್ತವರ ಪಟ್ಟಿ. ಮೊದಲ ಎಲ್‌ಇಡಿಯನ್ನು ತಿಂದದ್ದು ಮನೆಯಲ್ಲಿ ಬಿದ್ದಿದ್ದ ಎಫ್‌ಇಟಿ ಡ್ರೈವರ್. (ಡ್ರೈವರ್ ಅಂದರೆ ಸೆಲ್ಲಿಗೂ ಎಲ್‌ಇಡಿಗೂ ನಡುವಿನ ಸರ್ಕ್ಯೂಟ್. ಈ ಬಗೆಯದು ಕರೆಂಟಿಗೆ ಮಿತಿ ಹಾಕುವುದಿಲ್ಲ.) ವೈಟ್ ಫ್ಲಾಟಿನ ಫಾರ್ವರ್ಡ್ ವೋಲ್ಟೇಜ್ (ಉರಿಯಲು ಬೇಕಾದ ವೋಲ್ಟೇಜ್) ಕಡಿಮೆ, ಹಿಂದಿನಿಂದ ತಳ್ಳುತ್ತಿದ್ದದ್ದು 4.2 ವೋಲ್ಟ್ ತುಂಬಿದ ಮಾಲಿಸೆಲ್ ಪಿ42ಎ ಸೆಲ್. ನಡುವೆ ತಡೆಯುವವರೇ ಇಲ್ಲ. ಬೆಳಕು ನೀಲಿಗೆ ತಿರುಗಿತು, ಆರಿತು. ಎರಡನೆಯದಕ್ಕೆ ಅಲ್ಯೂಮಿನಿಯಂ ಬೋರ್ಡ್ ಹಾಕಿ ನೋಡಿದೆ. ಸ್ವಲ್ಪ ಹೊತ್ತು ಚೆನ್ನಾಗಿಯೇ ಉರಿದು, ಬಿಸಿ ಇಳಿಯದೆ ಅದೂ ನೀಲಿಯಾಯಿತು. ಮೂರನೆಯದನ್ನು ಸ್ನೇಹಿತರೊಬ್ಬರು ನೇರ ಕೂತಿದೆಯೇ ನೋಡಲು ಚಿಮಟದಲ್ಲಿ ಮೇಲಿನಿಂದ ಒತ್ತಿದರು. ಗುಮ್ಮಟವೇ ಇಲ್ಲದ ಎಲ್‌ಇಡಿ, ಒತ್ತಿದರೆ ಮುಗಿಯಿತು. ಒಂದೊಂದಕ್ಕೆ ನಾನೂರು, ನಾನೂರೈವತ್ತು ರೂಪಾಯಿ. ದುಡ್ಡಿಗಿಂತ ಕಷ್ಟ, ಮುಂದಿನದು ಚೀನಾದಿಂದ ಬರುವವರೆಗೆ ತಿಂಗಳುಗಟ್ಟಲೆ ಕಾಯುವುದು.

ನಾಲ್ಕನೆಯದು ನಿಂತಿತು. ಎಲ್‌ಇಡಿಯ ಬಿಸಿಯನ್ನು ನೇರ ತಾಮ್ರಕ್ಕೆ ಇಳಿಸುವ ಡಿಟಿಪಿ ಬೋರ್ಡ್, 5 ಆಂಪಿಯರ್‌ಗೆ ಕಟ್ಟಿಹಾಕಿದ ಲೀನಿಯರ್ ಡ್ರೈವರ್, ಬೆಸುಗೆ ಮಾತ್ರ ನಮ್ಮ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗಾಗಿ ಇಟ್ಟುಕೊಂಡು. ಸೆಲ್ಲಿನ ಎರಡೂ ತುದಿಯ ಸ್ಪ್ರಿಂಗಿಗೆ ತಾಮ್ರದ ಜಡೆ ಬೆಸೆದ ಮೇಲೆ ನಾಲ್ಕೂಕಾಲು ಆಂಪಿಯರ್ ಇದ್ದದ್ದು ಹತ್ತಿರ ಹತ್ತಿರ ಐದಕ್ಕೆ ಬಂತು. ಫೋಕಸ್ ಕೂರಿಸಲು ಎಲ್‌ಇಡಿಯ ಸುತ್ತಲಿನ ಗ್ಯಾಸ್ಕೆಟ್ಟನ್ನು ಉಜ್ಜಬೇಕು. ಎಷ್ಟು ಉಜ್ಜಿದೆ, ಯಾವುದರಲ್ಲಿ ಉಜ್ಜಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಮುಂಗಡ ಕೊಟ್ಟವರಿಗೂ ಹೇಳಿಲ್ಲ.

ಸೆಲ್ಲಿನ ವಿಷಯಕ್ಕೆ ಜಿಪುಣತನ ಬೇಡ. 9,800 ಎಂಎಎಚ್ ಅಂತ ಅಚ್ಚು ಹಾಕಿದ 18650 ಸೆಲ್ಲುಗಳನ್ನು (21700ಕ್ಕಿಂತ ಚಿಕ್ಕ ಗಾತ್ರದವು) ಏಲಕ್ಕಿ ತೂಗುವ ತಕ್ಕಡಿಯಲ್ಲಿಟ್ಟು ನೋಡಿ. ಒಳ್ಳೆಯ ಸೆಲ್ ನಲವತ್ತೈದು ಗ್ರಾಮಿನ ಮೇಲೆ ತೂಗುತ್ತದೆ, ನನಗೆ ಸಿಕ್ಕಿದ್ದು ಮೂವತ್ತು ಚಿಲ್ಲರೆ. ಆ ಗಾತ್ರದಲ್ಲಿ ಒಳ್ಳೆಯ ಕಂಪನಿಯವರೇ 3,500ರ ಹತ್ತಿರ ನಿಂತಿರುವಾಗ 9,800 ಎಲ್ಲಿಂದ ಬರಬೇಕು? ಹಳೇ ಲ್ಯಾಪ್‌ಟಾಪ್ ಬಿಚ್ಚಿ ತೆಗೆದವೂ ಐದು ಆಂಪಿಯರ್ ಎಳೆದರೆ ಕುಸಿಯುತ್ತವೆ, ಅವನ್ನು ಕೊಟ್ಟಿಗೆಯ ದೀಪಕ್ಕೆ ಕಟ್ಟಿದ್ದೇನೆ. ಈಗ ಟಾರ್ಚಿನಲ್ಲಿರುವುದು ಸ್ಯಾಮ್‌ಸಂಗ್ 50ಇ, ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ್ದು.

ಒಟ್ಟು ಲೆಕ್ಕ ನೆನಪಿನಿಂದ: ಬಾಡಿ, ಡ್ರೈವರ್ ಸೇರಿ ಎರಡು ಸಾವಿರದ ಸುಮಾರು. ಎರಡು ಸೆಲ್ ಸಾವಿರದೊಳಗೆ. ಉಳಿದ ಎಲ್‌ಇಡಿ ನಾನೂರೈವತ್ತು, ಸತ್ತವು ಸಾವಿರದ ಮುನ್ನೂರು. ಅಂಚೆ, ಸುಂಕ ಹಿಡಿದರೆ ಐದು ಸಾವಿರದ ಹತ್ತಿರ. ನೀವು ಯಾರನ್ನೂ ಕೊಲ್ಲದೆ ಮಾಡಿದರೆ ಮೂರೂವರೆಗೆ ಆಗುತ್ತದೆ.

ಅಷ್ಟರಲ್ಲಿ ಗುಂಪಿನ ಒಬ್ಬರು ತಾಳಲಾರದೆ ಆ ಒಂಬತ್ತು ಸಾವಿರದ್ದನ್ನು ತರಿಸಿಯೇಬಿಟ್ಟರು. ನಮ್ಮ ಅಂಗಳದಲ್ಲೇ ಪಂದ್ಯ. ಮೊದಲು ಹತ್ತು ಮೀಟರ್ ದೂರದ ಗೋಡೆಯ ಬಳಿ ಮೊಬೈಲಿನ ಲಕ್ಸ್ ಮೀಟರ್ ಇಟ್ಟೆವು: ಅವರದು 350ರ ಸುಮಾರು, ನನ್ನದು 2,200. ದೂರದ ವರ್ಗದಿಂದ, ಅಂದರೆ ನೂರರಿಂದ ಗುಣಿಸಿದರೆ ಅವರದು ಮೂವತ್ತೈದು ಸಾವಿರ ಕ್ಯಾಂಡೆಲಾ, ನನ್ನದು ಎರಡೂಕಾಲು ಲಕ್ಷದ ಹತ್ತಿರ. ಮೊಬೈಲ್ ಸ್ವಲ್ಪ ಆಚೆ ಈಚೆ ಹೇಳಿರಬಹುದು, ಆರು ಪಟ್ಟು ಸುಳ್ಳು ಹೇಳುವುದಿಲ್ಲ. ಕ್ಯಾಂಡೆಲಾದ ವರ್ಗಮೂಲ ತೆಗೆದು ದುಪ್ಪಟ್ಟು ಮಾಡಿದರೆ ಕಾಗದದ ಮೇಲೆ ಅವರದು 370 ಮೀಟರ್, ನನ್ನದು ಒಂಬೈನೂರರ ಮೇಲೆ. ಕಾಗದದ ಮೀಟರ್ ಅಂದರೆ ಬೆಳಕು 0.25 ಲಕ್ಸಿಗೆ, ಹುಣ್ಣಿಮೆ ಬೆಳಕಿನಷ್ಟಕ್ಕೆ ಇಳಿಯುವ ದೂರ. ಕಾಟಿಯೋ ಬಂಡೆಯೋ ಗುರುತಿಸಲು ಅದರ ಅರ್ಧ ದೂರ ಇಟ್ಟುಕೊಳ್ಳಿ.

ಆಮೇಲೆ ಕಣಿವೆಗೆ ಬಿಟ್ಟೆವು. ಅವರದ್ದಕ್ಕೆ ಅಂಗಳ, ಅಡಿಕೆ ಕೊನೆ, ಹಳ್ಳದವರೆಗಿನ ಗದ್ದೆ ಎಲ್ಲ ಹಗಲಾಯಿತು, ಬ್ಯಾಣ ಮಾತ್ರ ಕಪ್ಪಗೇ ಇತ್ತು. ನನ್ನದರಲ್ಲಿ ಅಂಗಳದಲ್ಲಿ ನಿಂತವರ ಮುಖವೂ ಸರಿ ಕಾಣದು, ಬ್ಯಾಣದ ಅಂಚಿನ ಮತ್ತಿಮರದ ಕಾಂಡ ಕಂಡಿತು. ನಿಮಿಷ ಕಳೆಯುವುದರೊಳಗೆ ಅವರ ಟಾರ್ಚು ಹಿಡಿಯಲಾರದಷ್ಟು ಕಾದು ತಾನೇ ಇಳಿಸಿಕೊಂಡಿತು. ಇಳಿಸದೆ ಏನು ಮಾಡೀತು, ಅಷ್ಟು ಬೆಳಕಿಗೆ ಇನ್ನೂರು ವಾಟ್ ಬೇಕು, ಅಂಗೈ ಅಗಲದ ಲೋಹ ಎಷ್ಟು ಬಿಸಿ ಹೊರಹಾಕೀತು! ನನ್ನದು ಹದಿನಾರು, ಹದಿನೇಳು ವಾಟ್. ಮುಕ್ಕಾಲು ಗಂಟೆ ಮೇಲೆ ಉರಿದರೂ ಬರೀ ಬೆಚ್ಚಗೆ. ನ್ಯಾಯವಾಗಿ ಹೇಳಬೇಕೆಂದರೆ, ತಪ್ಪಿಸಿಕೊಂಡ ಕರುವನ್ನು ತೋಟದಲ್ಲಿ ಹುಡುಕಲು ಅವರದೇ ವಾಸಿ.

ಅವರ ಟಾರ್ಚು ಸಿ-ಟು-ಸಿ (ಎರಡೂ ತುದಿ ಟೈಪ್-ಸಿ) ಕೇಬಲಿನಲ್ಲಿ ಚಾರ್ಜ್ ಆಗಲಿಲ್ಲ. ಬಿಚ್ಚಿದರೆ ಟೈಪ್-ಸಿಯ ಸಿಸಿ ಪಿನ್ನುಗಳಿಗೆ 5.1 ಕಿಲೋ ಓಮ್ ರೆಸಿಸ್ಟರ್ ಹಾಕಿಯೇ ಇಲ್ಲ, ಅದು ಕಾಣದೆ ಟೈಪ್-ಸಿ ಚಾರ್ಜರ್ ಕರೆಂಟ್ ಬಿಡುವುದಿಲ್ಲ. ಎರಡು ರೂಪಾಯಿ ಉಳಿಸಿದ್ದಾರೆ. ಹಳೆಯ ಎ-ಟು-ಸಿ ಕೇಬಲ್ ಕೊಟ್ಟು ಕಳಿಸಿದೆ.

ನನ್ನದರ ದೊಡ್ಡ ಶತ್ರು ಮಂಜು. ದಟ್ಟವಾಗಿ ಬಿದ್ದರೆ ಮೂಗಿನ ಮುಂದೆ ಬಿಳಿ ಕಂಬ ನಿಲ್ಲುತ್ತದೆ, ಆಚೆ ಏನೂ ಇಲ್ಲ. ಹಳದಿ ಜಿಲೇಟಿನ್ ಕಾಗದ ಕಟ್ಟಿ ನೋಡಿದೆ, ಕಣ್ಣಿಗೆ ಹಿತ, ದೂರ ಏನೂ ಹೆಚ್ಚಲಿಲ್ಲ, ಬೆಳಕು ಮಾತ್ರ ನಷ್ಟ. ಕೊನೆಗೆ ಉಪಯೋಗಕ್ಕೆ ಬಂದದ್ದು ಟಾರ್ಚನ್ನು ಕಣ್ಣಿನ ಮಟ್ಟದಿಂದ ಇಳಿಸಿ ಸೊಂಟದ ಪಕ್ಕ, ಕೈ ಚಾಚಿ ಹಿಡಿಯುವುದು. ಕಂಬ ಪಕ್ಕಕ್ಕೆ ಸರಿಯುತ್ತದೆ, ನೂರು ಮೀಟರಿನವರೆಗಾದರೂ ಕಾಣುತ್ತದೆ.

ಮುಂದಿನದು ಲೂಮಿನಸ್‌ನ ಎಸ್‌ಬಿಟಿ-90.2. ಬೊಟ್ಟೂ ದೊಡ್ಡದು, ದೂರವೂ ಹೋಗುತ್ತದೆ, ಇಪ್ಪತ್ತು ಆಂಪಿಯರ್ ಮೇಲೆ ಕುಡಿಯುತ್ತದೆ. ಅದೊಂದು ಎಲ್‌ಇಡಿಗೇ ಹೆಚ್ಚುಕಮ್ಮಿ ಈ ಇಡೀ ಟಾರ್ಚಿನ ದುಡ್ಡು. ಅಡಿಕೆ ದರ ನೋಡಿಕೊಂಡು ಕೈ ಹಾಕುತ್ತೇನೆ.