ಬಹುಕಾಲ ಕೆಲಸವಿಲ್ಲದವರಿಗೆ ತರಬೇತಿ: ಕೆಲಸದಿಂದ ಹಿಂದಕ್ಕೆ ಯೋಚಿಸುವ ಕ್ರಮ

ಎರಡು ಮೂರು ವರ್ಷಗಳಿಂದ ಕೆಲಸವಿಲ್ಲದೆ ಮನೆಯಲ್ಲಿರುವವರಿಗೆ ನೆರವಾಗಲು ಹೊರಟವರು ಸಾಮಾನ್ಯವಾಗಿ ಮೊದಲು ಯಾವುದಾದರೊಂದು ಉಚಿತ ತರಬೇತಿಗೆ ಅವರ ಹೆಸರು ಬರೆಸುತ್ತಾರೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಕೆಲಸವನ್ನು ಕಣ್ಣಾರೆ ನೋಡಿ, ಆಮೇಲೆ ಅದಕ್ಕೆ ಬೇಕಾದ ತರಬೇತಿಯನ್ನು ಆರಿಸಬೇಕು. ಪ್ರಮಾಣಪತ್ರ ಕೈಗೆ ಬಂದ ಮೇಲೂ ಕೆಲಸ ಸಿಗದಿದ್ದರೆ, ಮೊದಲೇ ಕುಗ್ಗಿದ್ದ ಮನಸ್ಸು ಇನ್ನಷ್ಟು ಕುಗ್ಗುತ್ತದೆ, ಮತ್ತೊಮ್ಮೆ ಕರೆದರೆ ಅವರು ಬರುವುದಿಲ್ಲ.

ಆರಂಭದಲ್ಲಿ ಅವರ ಜೊತೆ ಕುಳಿತು, ಹಿಂದೆ ಯಾವ ಕೆಲಸ ಮಾಡಿದ್ದರು, ಮನೆಯಲ್ಲಿ ಮಕ್ಕಳನ್ನೋ ಹಿರಿಯರನ್ನೋ ನೋಡಿಕೊಳ್ಳುವವರು ಯಾರು, ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಲು ಸಾಧ್ಯ ಎಂಬುದನ್ನು ಕೇಳಿ ಬರೆದುಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನ ಖರ್ಚು ಉಳಿದಿದೆ, ಆದರೆ ಸಮಯ ಉಳಿದಿಲ್ಲ. ಬೆಂಗಳೂರಿನ ಉತ್ತರದ ಯಲಹಂಕದಲ್ಲಿರುವವರಿಗೆ ದಕ್ಷಿಣದ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಹುಡುಕಿಕೊಟ್ಟರೆ ಅದು ಹೆಚ್ಚು ದಿನ ನಿಲ್ಲುವುದು ಕಷ್ಟ.

ಮುಂದಿನ ಹೆಜ್ಜೆಯಾಗಿ ಅವರನ್ನು ಕರೆದುಕೊಂಡು ಕೆಲಸವಿರುವ ಕಡೆಗೆ ಹೋಗಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಅರ್ಧ ದಿನ ನಡೆದು, ಗೇಟಿನ ಬಳಿ ಹಾಕಿರುವ 'ಬೇಕಾಗಿದ್ದಾರೆ' ಫಲಕಗಳನ್ನು ಓದಿ, ಸಾಧ್ಯವಾದರೆ ಸೂಪರ್‌ವೈಸರ್ ಒಬ್ಬರನ್ನು ಕಂಡು, ಹೊಸಬರಿಗೆ ಏನು ಗೊತ್ತಿರಬೇಕೆಂದು ನೇರವಾಗಿ ವಿಚಾರಿಸಿ: ಬಿಡಿಭಾಗದ ಡ್ರಾಯಿಂಗ್ (ಅಳತೆಯ ನಕ್ಷೆ) ಓದಲು ಬರಬೇಕೇ, ವರ್ನಿಯರ್ ಮತ್ತು ಮೈಕ್ರೋಮೀಟರ್ ಹಿಡಿದು ಅಳೆಯಲು ಬಂದರೆ ಸಾಕೇ, ರಾತ್ರಿ ಪಾಳಿ ಇದೆಯೇ, ಪಿಎಫ್ ಮತ್ತು ಇಎಸ್‌ಐ ಕೊಡುತ್ತಾರೆಯೇ. ಇಂಥ ಮೂರು ಕಡೆಯಾದರೂ ಒಂದೇ ಉತ್ತರ ಬಂದರೆ ಯಾವ ತರಬೇತಿ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ತರಬೇತಿ ಕೇಂದ್ರವನ್ನು ಅಳೆಯಲು ನಾನು ಕೇಳುವ ಪ್ರಶ್ನೆ ಒಂದೇ: ಒಬ್ಬ ಅಭ್ಯರ್ಥಿ ಯಂತ್ರದ ಮುಂದೆ ಎಷ್ಟು ಗಂಟೆ ನಿಲ್ಲುತ್ತಾನೆ? ರಾಜಾಜಿನಗರದಲ್ಲಿರುವ, 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಆರಂಭವಾದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಮತ್ತು ಹೊಸೂರು ರಸ್ತೆಯ ಸರ್ಕಾರಿ ಐಟಿಐಗಳಲ್ಲಿ ಇದನ್ನು ಮೊದಲು ವಿಚಾರಿಸಿ. ಸ್ವಂತ ಉದ್ಯೋಗ ಮಾಡಬಯಸುವವರಿಗೆ ನೆಲಮಂಗಲ ಬಳಿಯ ಅರಿಶಿನಕುಂಟೆಯ ರುಡ್‌ಸೆಟ್ ಸಂಸ್ಥೆ ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಕೆಲಸ ಮೊದಲೇ ಗೊತ್ತಿದ್ದು ಕಾಗದವಷ್ಟೇ ಇಲ್ಲದವರನ್ನು ಮತ್ತೆ ಮೊದಲ ಪಾಠದಿಂದ ಕೂರಿಸಬೇಡಿ. ಅವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಆರ್‌ಪಿಎಲ್ ವ್ಯವಸ್ಥೆ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಕಲಿಯುವಾಗಲೇ ಸ್ಟೈಪೆಂಡ್ ಸಿಗುವುದರಿಂದ, ಮನೆ ನಡೆಸಬೇಕಾದವರು ಆ ದಾರಿಯನ್ನೂ ನೋಡಬೇಕು. ಕೆಲಸ ಕೊಡಿಸುತ್ತೇವೆಂದು ಠೇವಣಿ ಕೇಳುವವರ ಬಳಿ ಹೋಗಲೇಬೇಡಿ.

ಸಂದರ್ಶನದಲ್ಲಿ 'ಇಷ್ಟು ವರ್ಷ ಏನು ಮಾಡುತ್ತಿದ್ದಿರಿ' ಎಂಬ ಪ್ರಶ್ನೆ ಬಂದೇ ಬರುತ್ತದೆ. ಸುಳ್ಳು ಹೇಳದೆ, ಎರಡೇ ವಾಕ್ಯದಲ್ಲಿ ಉತ್ತರಿಸುವುದನ್ನು ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಿ: "ಅಮ್ಮನ ಆರೈಕೆಗಾಗಿ ಮನೆಯಲ್ಲಿದ್ದೆ ಸಾರ್. ಈಗ ಮೂರು ತಿಂಗಳು ಲೇತ್ ಮೇಲೆ ಕೆಲಸ ಕಲಿತಿದ್ದೇನೆ."

ಕೆಲಸ ಸಿಕ್ಕ ದಿನ ನಿಮ್ಮ ಹೊಣೆ ಮುಗಿಯುವುದಿಲ್ಲ. ಸಂಬಳ ಬರುವುದು ಮುಂದಿನ ತಿಂಗಳಾದ್ದರಿಂದ, ಅಲ್ಲಿಯವರೆಗಿನ ಬಸ್ ಚಾರ್ಜು ಮತ್ತು ಮಧ್ಯಾಹ್ನದ ಊಟಕ್ಕೆ ಮೊದಲೇ ಏರ್ಪಾಡು ಮಾಡಿಕೊಡಿ, ಮತ್ತು ಮೊದಲ ನಾಲ್ಕು ಶನಿವಾರ ಸಂಜೆ ತಪ್ಪದೆ ಫೋನ್ ಮಾಡಿ, ಕೆಲಸ ಬಿಡುವ ಯೋಚನೆ ಬಂದಿದೆಯೇ ಎಂದು ಕೇಳಿ.